ಚಾನೆಲ್‌ನವರು ಧಾರಾವಾಹಿ ಕೊಡ್ತೀವಿ ಅಂದಿದ್ದಾರೆ, ಒಪ್ಪಿಕೊಳ್ಳಲೇ?

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ 2018ರಿಂದ ಬೆಂಗಳೂರಿನಲ್ಲಿ ಸಣ್ಣದೊಂದು ಪ್ರೊಡಕ್ಷನ್ ಕಂಪನಿ ನಡೆಸುತ್ತಿದ್ದೇವೆ. ಜಾಹೀರಾತು, ಕಾರ್ಪೊರೇಟ್ ವಿಡಿಯೊ, ಒಂದಷ್ಟು ಸಾಕ್ಷ್ಯಚಿತ್ರ ಮಾಡಿದ್ದೇವೆ. ನಮ್ಮದೇ ದುಡ್ಡು ಹಾಕಿ ಆರು ಕಂತಿನ ಒಂದು ವೆಬ್ ಸರಣಿಯನ್ನೂ ತೆಗೆದಿದ್ದೇವೆ. ವರ್ಷಕ್ಕೆ ಒಂದೂಕಾಲು ಕೋಟಿ ವಹಿವಾಟು. ಈಗ ಒಂದು ಮನರಂಜನಾ ಚಾನೆಲ್ ನಮಗೆ ದಿನಧಾರಾವಾಹಿ ಕೊಡಲು ಮುಂದೆ ಬಂದಿದೆ. ವಹಿವಾಟು ಮೂರು ಪಟ್ಟಾಗುತ್ತದೆ, ಬಿಡಬಾರದು ಅನ್ನುತ್ತಾನೆ ಒಬ್ಬ ಪಾಲುದಾರ. ಇನ್ನೊಬ್ಬನಿಗೆ ಸಿನಿಮಾ ಮಾಡುವ ಹಟ. ನನಗೆ ಎರಡೂ ಭಯ. ಇಂಥ ಕಂಪನಿ ಬೆಳೆಯುವುದು ಹೇಗೆ? ಒಂದು ಕ್ಯಾಮೆರಾ ಕೊಳ್ಳುವ ಯೋಚನೆಯೂ ಇದೆ.

ಉತ್ತರ: ಭಯ ಇದೆ ಅಂತ ಬರೆದಿದ್ದೀರಲ್ಲ, ಮೂವರಲ್ಲಿ ಲೆಕ್ಕ ನೋಡುವವರು ನೀವೇ ಇರಬೇಕು. ನಾನೂ ಇಪ್ಪತ್ತೆರಡು ವರ್ಷ ಈ ಲೈನಿನಲ್ಲಿ ಪ್ರೊಡಕ್ಷನ್ ಲೆಕ್ಕ ಬರೆದವನು. ಕಥೆ ಚೆನ್ನಾಗಿದೆಯೋ ಇಲ್ಲವೋ ಅಂತ ನನ್ನನ್ನು ಯಾರೂ ಕೇಳಿದ್ದಿಲ್ಲ. ಶನಿವಾರದ ಪೇಮೆಂಟ್‌ಗೆ ದುಡ್ಡಿದೆಯಾ ಅಂತ ಮಾತ್ರ ಕೇಳುತ್ತಿದ್ದರು. ಆ ಕಡೆಯಿಂದಲೇ ಉತ್ತರ ಹೇಳುತ್ತೇನೆ.

ಮೊದಲು ಆ ಧಾರಾವಾಹಿಯ ಲೆಕ್ಕವನ್ನು ಒಂದು ಹಾಳೆಯ ಮೇಲೆ ಹಾಕೋಣ. ನಿಮಗೆ ಎಷ್ಟು ಕೊಡುತ್ತೇವೆ ಅಂದಿದ್ದಾರೋ ನೀವು ಬರೆದಿಲ್ಲ. ಲೆಕ್ಕಕ್ಕೆ ಸುಲಭವಾಗಲಿ ಅಂತ ಎಪಿಸೋಡಿಗೆ 1 ಲಕ್ಷ ಇಟ್ಟುಕೊಳ್ಳುತ್ತೇನೆ. ನಿಮ್ಮ ಸಂಖ್ಯೆ ಹಾಕಿ ನೀವೇ ತಿದ್ದಿಕೊಳ್ಳಿ. ವಾರಕ್ಕೆ ಆರು, ತಿಂಗಳಿಗೆ 26 ಎಪಿಸೋಡ್. ಅಂದರೆ 26 ಲಕ್ಷದ ಬಿಲ್. ಅದರ ಮೇಲೆ ಶೇ 18ರ ಜಿಎಸ್‌ಟಿ 4.68 ಲಕ್ಷ. ಖರ್ಚು ಎಪಿಸೋಡಿಗೆ 88 ಸಾವಿರ ಅನ್ನಿ. ಉಳಿತಾಯ 12 ಸಾವಿರ, ತಿಂಗಳಿಗೆ 3 ಲಕ್ಷದ 12 ಸಾವಿರ. ಇಲ್ಲಿಯವರೆಗೆ ನೋಡಿದರೆ ನಿಮ್ಮ ಪಾಲುದಾರ ಹೇಳಿದ್ದು ಸರಿ.

ಈಗ ದುಡ್ಡು ಬರುವ ದಿನಗಳನ್ನು ನೋಡಿ. ಮೊದಲ ತಿಂಗಳ ಬಿಲ್ ಕೊಡುವುದು ತಿಂಗಳ ಕೊನೆಗೆ. ಅದು ಕೈಗೆ ಬರಲು ಇನ್ನೂ 60 ದಿನ. ಅಷ್ಟರಲ್ಲಿ ನೀವು ಮೂರು ತಿಂಗಳು ಶೂಟಿಂಗ್ ಮಾಡಿರುತ್ತೀರಿ, ಅದು 68 ಲಕ್ಷದ 64 ಸಾವಿರ. ಶುರುವಿಗೆ ಮುಂಚೆ ಶೂಟಿಂಗ್ ಮನೆಯ ಅಡ್ವಾನ್ಸ್, ಬಣ್ಣ, ಪೀಠೋಪಕರಣ, ಪ್ರೊಮೊ, ಕಾಸ್ಟ್ಯೂಮ್ ಎಲ್ಲ ಸೇರಿ 15 ಲಕ್ಷವಾದರೂ ಹೋಗಿರುತ್ತದೆ. ಪ್ರಸಾರ ಶುರುವಾಗುವ ಹೊತ್ತಿಗೆ ಹನ್ನೆರಡು ಎಪಿಸೋಡ್ ಬ್ಯಾಂಕಿಂಗ್ (ಮೊದಲೇ ಚಿತ್ರೀಕರಿಸಿ ಇಟ್ಟದ್ದು) ಇರಬೇಕು ಅನ್ನುತ್ತಾರೆ, ಅದಕ್ಕೆ 10.56 ಲಕ್ಷ. ಇನ್ನು ಜಿಎಸ್‌ಟಿ. ಚಾನೆಲ್ ದುಡ್ಡು ಕೊಟ್ಟಿದೆಯೋ ಇಲ್ಲವೋ ಸರ್ಕಾರಕ್ಕೆ ಅದು ಬೇಕಿಲ್ಲ. ಬಿಲ್ ಮಾಡಿದ ಮುಂದಿನ ತಿಂಗಳ 20ಕ್ಕೆ ಕಟ್ಟಲೇಬೇಕು. ಅಂಥವು ಎರಡು ತಿಂಗಳಿನವು, 9.36 ಲಕ್ಷ. ಕ್ಯಾಮೆರಾ, ಲೈಟ್ ಬಾಡಿಗೆಯವರಿಗೆ ಕೊಟ್ಟ ಜಿಎಸ್‌ಟಿಯನ್ನು ಇದರಲ್ಲಿ ಕಳೆದುಕೊಳ್ಳಬಹುದು, ನಿಜ. ಆದರೆ ಅದನ್ನೂ ಮೊದಲು ನೀವೇ ಕೊಟ್ಟಿರುತ್ತೀರಲ್ಲ.

ಕೂಡಿಸಿ: 1 ಕೋಟಿ 3 ಲಕ್ಷ ಚಿಲ್ಲರೆ. ಮೊದಲ ಚೆಕ್ ಕಣ್ಣಿಗೆ ಬೀಳುವ ಮುಂಚೆ ನೀವು ಹಾಕಬೇಕಾದ ದುಡ್ಡು ಇದು. ನಿಮ್ಮ ಇಡೀ ವರ್ಷದ ವಹಿವಾಟು ಒಂದೂಕಾಲು ಕೋಟಿ. ಈ ದುಡ್ಡನ್ನು ಗಾಂಧಿನಗರದ ಫೈನಾನ್ಷಿಯರ್ ಹತ್ತಿರ ತಿಂಗಳಿಗೆ ಶೇ 2ರ ಬಡ್ಡಿಗೆ ತಂದರೆ ಬಡ್ಡಿಯೇ 2 ಲಕ್ಷ. ಮೂರು ಲಕ್ಷದ ಉಳಿತಾಯದಲ್ಲಿ ಕೈಗೆ ಸಿಗುವುದು ಒಂದು ಲಕ್ಷ ಚಿಲ್ಲರೆ. ಅದರಲ್ಲಿ ಆಫೀಸ್ ಬಾಡಿಗೆ, ಇಬ್ಬರು ಎಡಿಟರ್, ಮೂವರು ಪಾಲುದಾರರ ಮನೆ. ಮಳೆಯಿಂದ ಎರಡು ದಿನ ಔಟ್‌ಡೋರ್ ನಿಂತರೆ ಅದೂ ಇಲ್ಲ. ಮೇಲಾಗಿ ಬಿಲ್‌ನಲ್ಲಿ ಶೇ 2 ಟಿಡಿಎಸ್ (ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಮುರಿದುಕೊಂಡೇ ಕೊಡುತ್ತಾರೆ. ಅದು ನಿಮ್ಮದೇ ದುಡ್ಡು, ಆದರೆ ವಾಪಸ್ ಬರುವುದು ಮುಂದಿನ ವರ್ಷ ರಿಟರ್ನ್ ಹಾಕಿದ ಮೇಲೆ.

ಧಾರಾವಾಹಿಯಲ್ಲಿ ಸೋತವರಲ್ಲಿ ನಾನು ಕಂಡವರು ಹೆಚ್ಚಿನಂಶ ಟಿಆರ್‌ಪಿ ಇಲ್ಲದೆ ಸೋತವರಲ್ಲ. ಟಿಆರ್‌ಪಿ ಚೆನ್ನಾಗಿದ್ದೂ ನೂರನೇ ಎಪಿಸೋಡಿನ ಹೊತ್ತಿಗೆ ಲೈಟ್ ಯುನಿಟ್‌ನವರ ಬಾಕಿ ಏಳು ವಾರಕ್ಕೆ ಏರಿ, ಒಂದು ಬೆಳಿಗ್ಗೆ ವ್ಯಾನೇ ಬರದೆ ಸೋತವರು. ಅಂಥ ಒಂದು ಬೆಳಿಗ್ಗೆ ನಾನೇ ರಾಜರಾಜೇಶ್ವರಿನಗರದ ಶೂಟಿಂಗ್ ಮನೆಯ ಗೇಟಿನಲ್ಲಿ ನಿಂತಿದ್ದೆ. ಒಳಗೆ ಅತ್ತೆ ಪಾತ್ರದವರು ರೇಷ್ಮೆ ಸೀರೆ ಉಟ್ಟು ಮೇಕಪ್ ಮುಗಿಸಿ ಕೂತಿದ್ದಾರೆ. ಪ್ರೊಡಕ್ಷನ್ ಹುಡುಗ ಎಲ್ಲರಿಗೂ ಎರಡನೇ ಸುತ್ತು ಚಿತ್ರಾನ್ನ ಬಡಿಸುತ್ತಿದ್ದಾನೆ, ಯಾಕೆಂದರೆ ಬೇರೆ ಕೆಲಸವೇ ಇಲ್ಲ. ಹನ್ನೊಂದೂವರೆಗೆ ಯಾರದೋ ಬಳೆ ಅಡವಿಟ್ಟು ದುಡ್ಡು ಬಂತು, ವ್ಯಾನೂ ಬಂತು. ಆ ಬಳೆ ನಿರ್ಮಾಪಕರ ಹೆಂಡತಿಯದು ಅಂತ ಆಮೇಲೆ ಗೊತ್ತಾಯಿತು.

ಹಾಗಂತ ಬೇಡ ಅನ್ನುತ್ತಿಲ್ಲ. ಪಾವತಿಯ ಮಾತನ್ನು ರೇಟಿನ ಮಾತಿಗಿಂತ ಮೊದಲು ಎತ್ತಿ. ಎಪಿಸೋಡಿಗೆ ಎರಡು ಸಾವಿರ ಕಡಿಮೆ ಕೊಟ್ಟರೂ ಸರಿ, ಸೆಟ್‌ ಖರ್ಚು ಮುಂಗಡವಾಗಿ ಬರಲಿ, ಬಿಲ್ ಹದಿನೈದು ದಿನಕ್ಕೊಮ್ಮೆ ಆಗಲಿ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರದ ನೋಂದಣಿ) ಇಲ್ಲದಿದ್ದರೆ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಮಾಡಿಸಿಕೊಳ್ಳಿ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ನಿಮ್ಮಂಥ ಸಣ್ಣ ಕಂಪನಿಗೆ ಎಷ್ಟೇ ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ ಪಾವತಿ ಆಗಬೇಕು. ಕೆಲಸ ಕೊಟ್ಟವರ ಮೇಲೆ ದೂರು ಕೊಡುವ ಧೈರ್ಯ ಯಾರಿಗಿದೆ ಅಂತ ಕೇಳುತ್ತೀರಿ. ನನಗೂ ಇರಲಿಲ್ಲ. ಆದರೆ 2023-24ರ ಲೆಕ್ಕವರ್ಷದಿಂದ ಒಂದು ಬದಲಾವಣೆ ಬಂದಿದೆ: ಆ ಗಡುವು ಮೀರಿ ಬಾಕಿ ಉಳಿಸಿಕೊಂಡರೆ, ಕೊಡುವವರೆಗೂ ಆ ಖರ್ಚನ್ನು ಅವರು ತಮ್ಮ ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯುವಂತಿಲ್ಲ. ಅಲ್ಲಿಂದೀಚೆಗೆ ಮಾರ್ಚ್ ಬಂತೆಂದರೆ ದೊಡ್ಡ ಕಂಪನಿಗಳ ಅಕೌಂಟ್ಸ್‌ನವರೇ ಫೋನ್ ಮಾಡಿ ಉದ್ಯಮ್ ಸರ್ಟಿಫಿಕೇಟ್ ಕಳಿಸಿ ಅನ್ನುತ್ತಾರೆ. ನೀವು ಬಾಯಿ ಬಿಡುವುದೇ ಬೇಡ.

ಇನ್ನು ನೀವು ಕೇಳಿದ ದೊಡ್ಡ ಪ್ರಶ್ನೆ, ಬೆಳೆಯುವುದು ಹೇಗೆ ಅನ್ನುವುದು. ನಿಮಗೊಂದು ಕೆಲಸ ಕೊಡುತ್ತೇನೆ. 2018ರಿಂದ ಮಾಡಿದ್ದನ್ನೆಲ್ಲ ಒಂದು ಕಡೆ ಬರೆಯಿರಿ. ಜಾಹೀರಾತುಗಳು ಕ್ಲೈಂಟಿನವು. ಕಾರ್ಪೊರೇಟ್ ವಿಡಿಯೊಗಳೂ ಅಷ್ಟೆ. ಸಾಕ್ಷ್ಯಚಿತ್ರ ಯಾರಾದರೂ ದುಡ್ಡು ಕೊಟ್ಟು ಮಾಡಿಸಿದ್ದಾದರೆ ಅದು ಅವರದು. ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಹೇಳುವುದೇ ಹಾಗೆ: ಬೇರೆ ಒಪ್ಪಂದ ಇಲ್ಲದಿದ್ದರೆ, ಯಾರು ಹಣ ಕೊಟ್ಟು ಚಿತ್ರ ಮಾಡಿಸಿದರೋ ಅವರೇ ಮೊದಲ ಒಡೆಯರು. ಇಷ್ಟು ವರ್ಷಕ್ಕೆ ನಿಮ್ಮ ಹೆಸರಿನಲ್ಲಿ ಉಳಿದದ್ದು ಆ ಆರು ಕಂತಿನ ವೆಬ್ ಸರಣಿ ಒಂದೇ. ನಾಳೆ ಬರುವ ಧಾರಾವಾಹಿ ಸಾವಿರ ಎಪಿಸೋಡ್ ಓಡಿದರೂ ಈ ಪಟ್ಟಿಗೆ ಒಂದು ಸಾಲೂ ಸೇರುವುದಿಲ್ಲ. ಅದನ್ನು ಅದೇ ಸಂಸ್ಥೆಯ ತೆಲುಗು, ತಮಿಳು, ಮರಾಠಿ ಚಾನೆಲ್‌ಗಳು ರಿಮೇಕ್ ಮಾಡಿಕೊಂಡರೆ ನಿಮಗೆ ಒಂದು ಸಿಹಿ ಡಬ್ಬಿ ಬರಬಹುದು.

ಮೊದಲೆಲ್ಲ ಹೀಗಿರಲಿಲ್ಲ. ದೂರದರ್ಶನದಲ್ಲಿ ಪ್ರಾಯೋಜಿತ ಧಾರಾವಾಹಿಗಳ ಕಾಲದಲ್ಲಿ ನಿರ್ಮಾಪಕ ತಾನೇ ಪ್ರಸಾರ ಶುಲ್ಕ ಕಟ್ಟುತ್ತಿದ್ದ. ಅದಕ್ಕೆ ಪ್ರತಿಯಾಗಿ ಸಿಗುವ ಜಾಹೀರಾತಿನ ಸೆಕೆಂಡುಗಳನ್ನು ತಾನೇ ಮಾರಿಕೊಳ್ಳುತ್ತಿದ್ದ. ನಷ್ಟವಾದರೆ ಅವನದೇ ತಲೆ, ಆದರೆ ಟೇಪೂ ಹಕ್ಕೂ ಅವನ ಬೀರುವಿನಲ್ಲಿ. ಖಾಸಗಿ ಚಾನೆಲ್‌ಗಳು ಹೆಚ್ಚಿದಂತೆ ಎಪಿಸೋಡಿಗೆ ಇಂತಿಷ್ಟು ಅಂತ ಕೊಟ್ಟು ಮಾಡಿಸಿಕೊಳ್ಳುವ ಪದ್ಧತಿ ಬಂತು. ರಿಸ್ಕ್ ಹೋಯಿತು, ಅದರ ಜೊತೆಗೆ ಹಕ್ಕೂ ಹೋಯಿತು. ಆಗ ನಮಗೆಲ್ಲ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ತಿಂಗಳ ಸಂಬಳದ ಥರ ದುಡ್ಡು ಬರುತ್ತಿತ್ತು.

ಇದೇ ಪ್ರಶ್ನೆಗೆ ಬ್ರಿಟನ್ ಬೇರೆ ಉತ್ತರ ಕಂಡುಕೊಂಡಿತು. ಅಲ್ಲಿ 1982ರ ನವೆಂಬರ್‌ನಲ್ಲಿ ಚಾನೆಲ್ 4 ಶುರುವಾದಾಗ, ತಾನು ಕಾರ್ಯಕ್ರಮ ತಯಾರಿಸದೆ ಹೊರಗಿನ ಕಂಪನಿಗಳಿಂದ ಮಾಡಿಸಿಕೊಳ್ಳುವ ವ್ಯವಸ್ಥೆ ಇತ್ತು. ಸಣ್ಣ ಸಣ್ಣ ಕಂಪನಿಗಳು ಹುಟ್ಟಿಕೊಂಡವು. ಆದರೂ ಅವುಗಳಲ್ಲಿ ಹೆಚ್ಚಿನವು ಇಪ್ಪತ್ತು ವರ್ಷ ಸಣ್ಣವಾಗಿಯೇ ಇದ್ದವು, ಯಾಕೆಂದರೆ ಹೆಚ್ಚಿನ ಹಕ್ಕುಗಳು ಚಾನೆಲ್‌ಗಳ ಹತ್ತಿರವೇ ಉಳಿಯುತ್ತಿದ್ದವು. 2003ರ ಕಮ್ಯುನಿಕೇಷನ್ಸ್ ಕಾಯ್ದೆ ಬಂದ ಮೇಲೆ ಚಿತ್ರ ಬದಲಾಯಿತು. ದೊಡ್ಡ ಸಾರ್ವಜನಿಕ ಪ್ರಸಾರಕರು ಮೊದಲ ಪ್ರಸಾರದ ಲೈಸೆನ್ಸನ್ನು ಮಾತ್ರ ಕೊಂಡುಕೊಂಡು, ಉಳಿದ ಹಕ್ಕು ನಿರ್ಮಾಪಕರಲ್ಲೇ ಇರುವಂಥ ವ್ಯವಸ್ಥೆ ಬಂತು. ಕಾರ್ಯಕ್ರಮದ ಫಾರ್ಮ್ಯಾಟನ್ನು (ಮೂಲ ಮಾದರಿಯನ್ನು) ದೇಶದೇಶಕ್ಕೆ ಮಾರಿ ಬೆಳೆದ ಬ್ರಿಟಿಷ್ ಕಂಪನಿಗಳ ಬಂಡವಾಳ ಅಲ್ಲಿಂದ ಬಂದದ್ದು. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ನಮ್ಮ ಹಕ್ಕನ್ನು ನಾವೇ ಒಂದೊಂದು ಸಾಲಾಗಿ ಕೇಳಿ ಪಡೆಯಬೇಕು.

ಒಬ್ಬನೇ ಗಿರಾಕಿಯನ್ನು ನಂಬಿ ಬೆಳೆದರೆ ಏನಾಗುತ್ತದೆ ಅನ್ನುವುದಕ್ಕೆ ಮುಂಬೈಯ ಬಾಲಾಜಿ ಟೆಲಿಫಿಲ್ಮ್ಸ್ ನೋಡಿ. 1994ರಲ್ಲಿ ಶುರುವಾಗಿ, 2000ದಲ್ಲಿ ಷೇರುಪೇಟೆಗೆ ಹೋದ ಕಂಪನಿ. ಅದೇ ವರ್ಷ ಸ್ಟಾರ್ ಪ್ಲಸ್‌ನಲ್ಲಿ ಶುರುವಾದ ಅದರ ಧಾರಾವಾಹಿಗಳು ಎಂಟು ವರ್ಷ ದೇಶದ ರಾತ್ರಿಯೂಟದ ಹೊತ್ತನ್ನೇ ಆಳಿದವು. 2008ರಲ್ಲಿ ಅವು ನಿಂತಾಗ ಅಷ್ಟು ದೊಡ್ಡ ಕಂಪನಿಗೂ ನೆಲ ಅಲುಗಿತು. ಮುಂದೆ ಅವರು ಸಿನಿಮಾಕ್ಕೆ ಹೆಚ್ಚು ಒತ್ತು ಕೊಟ್ಟದ್ದು, 2017ರಲ್ಲಿ ಸ್ವಂತ ಒಟಿಟಿ ಕಟ್ಟಿದ್ದು, ಇವನ್ನೆಲ್ಲ ನಾನು ಆ ಪಾಠದ ಫಲ ಅಂತಲೇ ಓದುತ್ತೇನೆ.

ನಿಮ್ಮ ಎರಡನೇ ಪಾಲುದಾರನ ಸಿನಿಮಾ ಹಟಕ್ಕೆ ಬರೋಣ. ಅವರ ಬಾಯಲ್ಲಿ ಹೊಂಬಾಳೆ ಫಿಲ್ಮ್ಸ್ ಹೆಸರು ದಿನಕ್ಕೆ ನಾಲ್ಕು ಸಲ ಬರುತ್ತಿರಬೇಕು. ಈಗ ಎಲ್ಲರ ಬಾಯಲ್ಲೂ ಬರುತ್ತದೆ. ಎಲ್ಲರಿಗೂ ಕಾಣುವುದು ‘ಕೆಜಿಎಫ್’ನ ಎರಡನೇ ಭಾಗದ ಸಾವಿರ ಕೋಟಿ. ನನಗೆ ಕಾಣುವುದು ಮೊದಲ ಭಾಗಕ್ಕೆ ಮುಂಚಿನ ಐದು ವರ್ಷ. 2014ರ ಜನವರಿಯಲ್ಲಿ ಬಂದ ಅವರ ಮೊದಲ ಚಿತ್ರದಲ್ಲಿ ಪುನೀತ್ ರಾಜಕುಮಾರ್ ಇದ್ದರು, ಆದರೂ ಓಡಲಿಲ್ಲ. ನಾಲ್ಕನೇ ಚಿತ್ರ ‘ಕೆಜಿಎಫ್’ ಬಂದದ್ದು 2018ರ ಡಿಸೆಂಬರ್‌ನಲ್ಲಿ. ಐದು ವರ್ಷಕ್ಕೆ ನಾಲ್ಕೇ ಚಿತ್ರ. ಸೋತ ಚಿತ್ರದ ಮೇಲೆ ಇನ್ನೊಂದು ಮಾಡುವ ಶಕ್ತಿ ಕಂಪನಿಗೆ ಇತ್ತು. ಹೊಂಬಾಳೆ ಕಟ್ಟಿದ ವಿಜಯ್ ಕಿರಗಂದೂರು ಬೇರೆ ವ್ಯವಹಾರದಲ್ಲಿ ಕಾಲೂರಿ ಚಿತ್ರರಂಗಕ್ಕೆ ಬಂದವರು. ನಿಮ್ಮ ಮೂವರಲ್ಲಿ ಮೊದಲ ಚಿತ್ರ ಬಿದ್ದ ಮೇಲೂ ನಾಲ್ಕನೆಯದರವರೆಗೆ ತಾಳುವ ಗಂಟು ಯಾರಲ್ಲಿದೆ, ಕೇಳಿಕೊಳ್ಳಿ.

ಅವರಿಂದ ಕಲಿಯಬಹುದಾದದ್ದು ಗಂಟಿನ ಗಾತ್ರವನ್ನಲ್ಲ. ‘ಕೆಜಿಎಫ್’ ಐದು ಭಾಷೆಯಲ್ಲಿ ಹೋದಾಗ ಹಿಂದಿಯ ಮಾರುಕಟ್ಟೆಗೆ ತಾವೇ ನುಗ್ಗದೆ ಅಲ್ಲಿಯ ಎಕ್ಸೆಲ್ ಎಂಟರ್‌ಟೈನ್‌ಮೆಂಟ್ ಜೊತೆ ಕೈಜೋಡಿಸಿದರು. ‘ಕಾಂತಾರ’ 2022ರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಮಾತ್ರ ಬಂತು. ಹೊರಗಿನವರು ಕನ್ನಡದಲ್ಲೇ ನೋಡಲು ಮುಗಿಬಿದ್ದ ಮೇಲೆ, ಎರಡು ವಾರಕ್ಕೆ ಹಿಂದಿ, ತೆಲುಗು, ತಮಿಳು ಡಬ್ಬಿಂಗ್ ತೆರೆಗೆ ಬಂತು. ಇದನ್ನು ಲೆಕ್ಕದವನ ಕಣ್ಣಿಂದ ನೋಡಿ. ಡಬ್ಬಿಂಗ್ ಹಕ್ಕನ್ನು ಮೊದಲೇ ಯಾರಿಗೋ ಇಪ್ಪತ್ತು ಲಕ್ಷಕ್ಕೆ ಔಟ್‌ರೈಟ್ (ಒಂದೇ ಸಲಕ್ಕೆ ಪೂರ್ತಿಯಾಗಿ) ಕೊಟ್ಟು ಶೂಟಿಂಗ್ ಮುಗಿಸಿಕೊಂಡಿದ್ದರೆ? ಗಾಂಧಿನಗರದಲ್ಲಿ ನೂರಾರು ಚಿತ್ರಗಳ ಕಥೆ ಅದೇ. ಕೊನೆಯ ಹಂತದಲ್ಲಿ ದುಡ್ಡು ಸಾಲದೆ ಹಿಂದಿ ಡಬ್ಬಿಂಗ್ ಹಕ್ಕು ಮಾರುತ್ತಾರೆ. ಆಮೇಲೆ ಅದೇ ಚಿತ್ರ ಯೂಟ್ಯೂಬಿನಲ್ಲಿ ಕೋಟಿಗಟ್ಟಲೆ ಜನ ನೋಡುವಾಗ ನಿರ್ಮಾಪಕ ತನ್ನ ಫೋನಿನಲ್ಲಿ ತಾನೂ ಒಬ್ಬ ವೀಕ್ಷಕನಾಗಿ ನೋಡುತ್ತಾನೆ.

ನಿಮ್ಮ ಗಾತ್ರಕ್ಕೆ ಹೊಂದುವ ಉದಾಹರಣೆ 2013ರ ‘ಲೂಸಿಯಾ’. ಪವನ್ ಕುಮಾರ್ ಜನರಿಂದಲೇ ಸುಮಾರು ಅರ್ಧ ಕೋಟಿ ಎತ್ತಿ ಮಾಡಿದ ಚಿತ್ರ. ಆಮೇಲೆ ತಮಿಳಿಗೂ ರಿಮೇಕ್ ಆಯಿತು. ಅಲ್ಲಿ ನನಗೆ ದೊಡ್ಡದೆನಿಸುವುದು ಸಿಕ್ಕಿದ ದುಡ್ಡಲ್ಲ. ದುಡ್ಡು ಹಾಕಿದ ನೂರು ಜನ ಬಿಡುಗಡೆಯ ದಿನ ನೂರು ಕಡೆ ಪ್ರಚಾರಕರಾದರು. ಆದರೆ ಎಚ್ಚರ: ಜನರ ದುಡ್ಡು ಎತ್ತುವುದಕ್ಕೆ ಕಂಪನಿ ಕಾನೂನಿನ ಕಟ್ಟುಪಾಡುಗಳಿವೆ. ಒಬ್ಬ ಕಂಪನಿ ಸೆಕ್ರೆಟರಿಯನ್ನು ಕಾಣದೆ ವಾಟ್ಸಾಪ್ ಗುಂಪು ಮಾಡಿ ಕ್ಯೂಆರ್ ಕೋಡ್ ಹಾಕಬೇಡಿ.

ಪಾರ್ವತಮ್ಮ ರಾಜಕುಮಾರ್ ಅವರನ್ನು ನೆನೆಯದೆ ಈ ಮಾತು ಮುಂದುವರಿಸಲಾರೆ. ಗಾಂಧಿನಗರದಲ್ಲಿ ಕೂತು ವಜ್ರೇಶ್ವರಿ ಕಂಬೈನ್ಸ್ ನಡೆಸಿದವರು. 1975ರಲ್ಲಿ ಮೊದಲ ನಿರ್ಮಾಣ. ಮನೆಯಲ್ಲೇ ಸೂಪರ್‌ಸ್ಟಾರ್ ಇದ್ದರು, ನಿಜ. ಆದರೂ ಒಳ್ಳೆಯ ಕಾದಂಬರಿ ಕಂಡರೆ ಅದರ ಹಕ್ಕು ಮೊದಲು ತೆಗೆದಿಟ್ಟುಕೊಳ್ಳುವುದು, ಹಂಚಿಕೆಯನ್ನೂ ತಮ್ಮ ಹಿಡಿತದಲ್ಲಿಟ್ಟುಕೊಳ್ಳುವುದು, ಯಾವ ಊರಿನ ಯಾವ ಥಿಯೇಟರ್ ಎಷ್ಟು ಕೊಡುತ್ತದೆ ಅನ್ನುವುದನ್ನು ತಿಳಿದಿರುವುದು, ಇದೆಲ್ಲ ನಟನ ಹೆಂಡತಿ ಅನ್ನುವ ಕಾರಣಕ್ಕೆ ಬರುವ ವಿದ್ಯೆಯಲ್ಲ.

ಕ್ಯಾಮೆರಾ ಕೊಳ್ಳುವ ಯೋಚನೆ ಇದೆ ಅಂತಲೂ ನೀವು ಪತ್ರದ ಕೊನೆಗೆ ಬರೆದಿದ್ದೀರಿ. ಬೇಡ. ನಾನು 2012ರಲ್ಲಿ ಇಬ್ಬರ ಜೊತೆ ಸೇರಿ ಕೊಂಡ ಕ್ಯಾಮೆರಾದ ಕಂತು 2016ರವರೆಗೆ ಕಟ್ಟಿದೆ. ಕ್ಯಾಮೆರಾವನ್ನು ಕೇಳುವವರು 2014ಕ್ಕೇ ನಿಂತಿದ್ದರು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದಾಗಿನ ಮಾತು ಬೇರೆ. ಆಗ ಹೆಚ್ಚಿನ ಕನ್ನಡ ಚಿತ್ರಗಳು ರೆಕಾರ್ಡಿಂಗ್‌ಗೆ ಮದ್ರಾಸಿಗೆ ರೈಲು ಹತ್ತಬೇಕಿತ್ತು. ಊರಿನಲ್ಲಿ ಇಲ್ಲದ್ದನ್ನು ಅವರು ತಂದರು. ಈಗ ನಿಮ್ಮ ಆಫೀಸಿನಿಂದ ನಾಲ್ಕು ಕಿಲೋಮೀಟರ್‌ನೊಳಗೆ ಎಂಟು ಬಾಡಿಗೆ ಅಂಗಡಿ ಇರಬಹುದು. ಒಂದು ಒಳ್ಳೆಯ ಸ್ಟೋರೇಜ್ ತೆಗೆದುಕೊಳ್ಳಿ, ಮಾಡಿದ್ದೆಲ್ಲದರ ಮೂಲ ಫೈಲನ್ನು ಎರಡು ಕಡೆ ಇಡಿ. ಸಾಕು.

ಆ ವೆಬ್ ಸರಣಿಯ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಅದೇ ನಿಮ್ಮ ಆಸ್ತಿ. ಅದರ ಕಾಗದಪತ್ರ ಇದೆಯೇ? ಕಥೆ ಬರೆದವರು, ಸಂಗೀತ ಮಾಡಿದವರು, ಹಾಡಿದವರು, ನಟಿಸಿದವರು, ಪ್ರತಿಯೊಬ್ಬರಿಂದ ಬರೆಸಿಕೊಂಡಿದ್ದೀರಾ? ನಾವು ಒಂದು ಸರಣಿಯನ್ನು ಒಟಿಟಿಗೆ ಮಾರಲು ಹೋದಾಗ ಎಲ್ಲ ಮಾತೂ ಮುಗಿದಿತ್ತು. ಅವರ ವಕೀಲರು ಎರಡು ಪುಟದ ಚೆಕ್‌ಲಿಸ್ಟ್ ಕಳಿಸಿದರು. ಹಿನ್ನೆಲೆ ಸಂಗೀತ ಮಾಡಿದ ಹುಡುಗ ಗೆಳೆಯ, ಗೂಗಲ್ ಪೇಯಲ್ಲಿ ದುಡ್ಡು ಕೊಟ್ಟಿದ್ದೆವು, ಕಾಗದ ಮಾಡಿರಲಿಲ್ಲ. ಅವನು ಅಷ್ಟರಲ್ಲಿ ಜಗಳವಾಡಿ ಬಿಟ್ಟುಹೋಗಿದ್ದ. ಆರು ತಿಂಗಳು ಅವನ ಬೆನ್ನು ಹತ್ತಿ ಸಹಿ ಪಡೆಯುವ ಹೊತ್ತಿಗೆ ಆ ಒಟಿಟಿ ಕನ್ನಡ ಕೊಳ್ಳುವುದನ್ನೇ ನಿಲ್ಲಿಸಿತ್ತು. ಹಕ್ಕಿನ ವರ್ಗಾವಣೆ ಬರಹದಲ್ಲೇ ಇರಬೇಕು ಅನ್ನುತ್ತದೆ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ. ಬರೆಸಿಕೊಂಡರೂ ಎಷ್ಟು ವರ್ಷ ಅಂತ ನಮೂದಿಸದಿದ್ದರೆ ಐದೇ ವರ್ಷ, ಎಲ್ಲಿ ಅಂತ ನಮೂದಿಸದಿದ್ದರೆ ಭಾರತದಲ್ಲಿ ಮಾತ್ರ. ನೀವು 2019ರಲ್ಲೋ 2020ರಲ್ಲೋ ಗಡಿಬಿಡಿಯಲ್ಲಿ ಮಾಡಿಸಿದ ಒಂದು ಪುಟದ ಕಾಗದವಾಗಿದ್ದರೆ, ಅದರ ಆಯಸ್ಸು ಮುಗಿದಿದೆಯೋ ಏನೋ ಇವತ್ತೇ ತೆಗೆದು ನೋಡಿ. ಹಾಗೆಯೇ ಆ ಸರಣಿ ಕಂಪನಿಯ ಹೆಸರಿನಲ್ಲಿದೆಯೋ, ಯೂಟ್ಯೂಬ್ ಖಾತೆ ತೆರೆದ ಪಾಲುದಾರನ ಸ್ವಂತ ಜಿಮೇಲ್‌ನಲ್ಲಿದೆಯೋ ಅದನ್ನೂ.

ನನ್ನ ಸಲಹೆ ಕೇಳಿದರೆ: ಈ ವರ್ಷ ಸಿನಿಮಾ ಬೇಡ. ಧಾರಾವಾಹಿಯನ್ನು ಷರತ್ತಿನ ಮೇಲೆ ಒಪ್ಪಿಕೊಳ್ಳಿ, ಅದರಿಂದ ಬರುವುದರಲ್ಲಿ ತಿಂಗಳಿಗೆ ಐವತ್ತು ಸಾವಿರ ಬೇರೆ ಖಾತೆಗೆ ಹಾಕಿ, ಅದರಲ್ಲಿ ಎರಡು ಕಾದಂಬರಿಯ ಹಕ್ಕು ಕೊಂಡು ಒಂದು ಚಿತ್ರಕಥೆ ಬರೆಸಿ. ಸಿನಿಮಾ ಹಟದ ಪಾಲುದಾರನಿಗೆ ಧಾರಾವಾಹಿಯ ಸೆಟ್ ಬೇಡ, ಈ ಕೆಲಸ ಕೊಡಿ. ಷರತ್ತು ಒಪ್ಪದಿದ್ದರೆ ಧಾರಾವಾಹಿಯನ್ನೂ ಬಿಡಿ, ಜಾಹೀರಾತು ಮಾಡಿಕೊಂಡು ಚಿತ್ರಕಥೆಯನ್ನು ನಿಧಾನಕ್ಕೆ ಬರೆಸಿ.

ಷರತ್ತು ಅಂದರೆ ಏನು ಕೇಳುವುದು? ಒಪ್ಪಂದದ ಕರಡಿನಲ್ಲಿ ಹಕ್ಕುಗಳ ಕಲಂ ಹುಡುಕಿ. ಈಗಿರುವ ಮತ್ತು ಮುಂದೆ ಕಂಡುಹಿಡಿಯಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಇಡೀ ಬ್ರಹ್ಮಾಂಡದಲ್ಲಿ, ಶಾಶ್ವತವಾಗಿ ಅಂತ ಇರುತ್ತದೆ. ನಗಬೇಡಿ, ನಾನು ಓದಿದ್ದೇನೆ. ಮಂಗಳ ಗ್ರಹದ ಪ್ರಸಾರ ಹಕ್ಕೂ ಅವರದೇ. ಅದನ್ನು ಹೊಡೆದುಹಾಕಿ ಅಂದರೆ ಮಾತುಕತೆಯೇ ಮುರಿಯುತ್ತದೆ, ಹೊಸಬರಿಗೆ ಯಾರೂ ಹಾಗೆ ಬಿಟ್ಟುಕೊಡುವುದಿಲ್ಲ. ಮೂಲ ಕಥೆ ನಿಮ್ಮದಾಗಿದ್ದರೆ ಬೇರೆ ಭಾಷೆಯಲ್ಲಿ ರಿಮೇಕ್ ಆದಾಗ ಪ್ರತಿ ಎಪಿಸೋಡಿಗೆ ಸಣ್ಣದೊಂದು ಮೊತ್ತ ನಿಮಗೂ ಬರಬೇಕು ಅಂತ ಕೇಳಿ. ಕಥೆ ಅವರದೇ ಆಗಿದ್ದರೆ ಇದನ್ನು ಎತ್ತಲೇ ಬೇಡಿ, ಬರೀ ದುಡ್ಡಿನ ದಿನಾಂಕದ ಮೇಲೆ ನಿಲ್ಲಿ. ಮತ್ತೊಂದು, ಧಾರಾವಾಹಿ ನಿಲ್ಲಿಸುವುದಾದರೆ ಎಷ್ಟು ದಿನ ಮೊದಲು ಹೇಳುತ್ತಾರೆ ಅನ್ನುವ ಸಾಲು. ಹದಿನೈದು ದಿನ ಅಂತಿರುತ್ತದೆ. ನಲವತ್ತೈದು ಕೇಳಿ, ಮೂವತ್ತಕ್ಕೆ ಒಪ್ಪಿ. ಚಿತ್ರೀಕರಿಸಿ ಪ್ರಸಾರವಾಗದೆ ಉಳಿದ ಎಪಿಸೋಡುಗಳಿಗೂ ದುಡ್ಡು ಕೊಡಬೇಕು ಅಂತ ಸೇರಿಸಿ. ಶೂಟಿಂಗ್ ಮನೆಯವರ ಜೊತೆ ಮಾಡಿಕೊಳ್ಳುವ ಕರಾರಿನಲ್ಲೂ ಅದೇ ಮೂವತ್ತು ದಿನದ ನೋಟಿಸ್ ಇರಲಿ, ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಬೇಡಿ.

ಮೀಟಿಂಗ್‌ಗೆ ಮೂವರೂ ಹೋಗಬೇಡಿ, ಇಬ್ಬರು ಸಾಕು. ಹೊರಗುಳಿದವರನ್ನು ಫೋನಿನಲ್ಲಿ ಕೇಳಿ ಹೇಳುತ್ತೇವೆ ಅನ್ನುವುದಕ್ಕೆ ಅವಕಾಶ ಇರುತ್ತದೆ. ಕರಡು ಕೈಗೆ ಬಂದ ಮೇಲೆ ಹೆಸರುಗಳನ್ನು ಅಳಿಸಿ, ಪಾವತಿ ಮತ್ತು ರದ್ದತಿಯ ಪುಟಗಳನ್ನಷ್ಟೇ ನನಗೆ ಕಳಿಸಿ, ಓದಿ ಹೇಳುತ್ತೇನೆ.